ಬಾಕ್ಸ್ ಮೇಲೆ 4800 ವ್ಯಾಟ್ ಎಂದಿದ್ದರೆ ಸೌಂಡ್ ಅಷ್ಟು ಜೋರಾಗಿ ಬರುತ್ತದೆಯೇ?

ಮನೆಯ ಹಳೆಯ ಆಂಪ್ಲಿಫೈಯರ್ ಕೆಟ್ಟಿತು, ಹೊಸದು ಯಾವುದು ತರಲಿ ಎಂದು ಫ್ಯಾಮಿಲಿ ಗ್ರೂಪ್‌ನಲ್ಲಿ ಕೇಳಿ ನೋಡಿ. ಸಾಮಾನ್ಯವಾಗಿ ಎರಡು ಬಗೆಯ ಸಲಹೆ ಬರುತ್ತದೆ. ಒಂದು, ‘ವ್ಯಾಟ್ ಜಾಸ್ತಿ ಇದ್ದಷ್ಟೂ ಸೌಂಡ್ ಜಾಸ್ತಿ’. ಇನ್ನೊಂದು, ‘ಸ್ಪೀಕರ್ ಮೇಲೆ ಬರೆದದ್ದಕ್ಕಿಂತ ದೊಡ್ಡ ಆಂಪ್ಲಿಫೈಯರ್ ಹಾಕಿದರೆ ಸ್ಪೀಕರ್ ಸುಟ್ಟುಹೋಗುತ್ತದೆ’.

ನಮ್ಮ ತಂಡದ ಒಬ್ಬರ ಮನೆಯಲ್ಲಿ ಮೊದಲ ಸಲಹೆಯನ್ನು ನಂಬಿ 4800 ವ್ಯಾಟ್‌ನದೊಂದು ಅಗ್ಗದ ಆಂಪ್ಲಿಫೈಯರ್ ತಂದರು. ತಿಂಗಳೊಳಗೆ ಮಗುವಿನ ಹುಟ್ಟುಹಬ್ಬ ಬಂತು, ವಾಲ್ಯೂಮ್ ಪೂರ್ತಿ ಏರಿತು. ಮರುದಿನ ನೋಡಿದರೆ ಅವರ ತಂದೆ ಹದಿನೈದು ವರ್ಷ ಜೋಪಾನ ಮಾಡಿದ್ದ ಸ್ಪೀಕರ್‌ಗಳ ಎರಡೂ ಟ್ವೀಟರ್ ಹೋಗಿದ್ದವು. ‘4800 ವ್ಯಾಟ್ ತಡೆದುಕೊಳ್ಳಲಿಲ್ಲ’ ಎಂದು ಮನೆಯವರೆಲ್ಲ ಅಂದುಕೊಂಡರು. ನಾವೂ ಮೊದಲು ಹಾಗೆಯೇ ಅಂದುಕೊಂಡೆವು. ಆಗಿದ್ದು ಹೆಚ್ಚುಕಡಿಮೆ ಇದಕ್ಕೆ ಉಲ್ಟಾ.

ಒಂದು ಸಣ್ಣ ಲೆಕ್ಕ ಮಾಡೋಣ. ನಮ್ಮ ಮನೆಗಳಿಗೆ ಬರುವ ಕರೆಂಟ್ 230 ವೋಲ್ಟ್. ಟಿವಿ, ಮೊಬೈಲ್ ಚಾರ್ಜರ್ ಹಾಕುವ ಸಾಮಾನ್ಯ ಸಾಕೆಟ್ 6 ಆಂಪಿಯರ್‌ನದು. ಎರಡನ್ನೂ ಗುಣಿಸಿದರೆ 1380 ವ್ಯಾಟ್. ಗೀಸರ್ 2000 ವ್ಯಾಟ್ ಎಳೆಯುತ್ತದೆಂದೇ ಅದಕ್ಕೆ ದಪ್ಪ ಪಿನ್ನಿನ 16 ಆಂಪಿಯರ್ ಸಾಕೆಟ್ ಬೇಕು. ಹಾಗಿದ್ದಮೇಲೆ ಸಣ್ಣ ಪಿನ್, ತೆಳು ವೈರ್ ಇರುವ ಪೆಟ್ಟಿಗೆ ಎರಡು ಗೀಸರ್‌ಗಿಂತ ಹೆಚ್ಚು ಶಕ್ತಿಯನ್ನು ಎಲ್ಲಿಂದ ತರಬೇಕು? ಆ ಆಂಪ್ಲಿಫೈಯರನ್ನು ತಿರುಗಿಸಿ ಹಿಂದಿನ ಪಟ್ಟಿ ಓದಿದೆವು. ಬಳಸುವ ವಿದ್ಯುತ್ 60 ವ್ಯಾಟ್ ಎಂದಿತ್ತು. ಒಳಗೆ ಹೋಗುವುದೇ 60 ಆದರೆ ಹೊರಗೆ ಬರುವುದು ಅದಕ್ಕಿಂತ ಕಡಿಮೆಯೇ. ಒಂದಿಷ್ಟು ಬಿಸಿಯಾಗಿ ಹೋಗುತ್ತದೆ, ಉಳಿದದ್ದು ಎರಡು ಸ್ಪೀಕರ್‌ಗೆ ಹಂಚಿಹೋಗುತ್ತದೆ. ಒಂದೊಂದಕ್ಕೆ ಸಿಕ್ಕಿದ್ದು ಸುಮಾರು 20 ವ್ಯಾಟ್ ಇರಬೇಕು.

ಹಾಗಾದರೆ 4800 ಎಲ್ಲಿಂದ ಬಂತು? ಆ ಅಂಕಿಯ ಪಕ್ಕದಲ್ಲಿ ಸಣ್ಣ ಅಕ್ಷರದಲ್ಲಿ ಪಿಎಂಪಿಒ ಎಂದಿರುತ್ತದೆ. ‘ಪೀಕ್ ಮ್ಯೂಸಿಕ್ ಪವರ್ ಔಟ್‌ಪುಟ್’ ಎಂಬುದರ ಚುಟುಕು ರೂಪ ಅದು. ಕ್ಷಣಮಾತ್ರಕ್ಕೆ ಬರಬಹುದಾದ ಗರಿಷ್ಠ ಶಕ್ತಿ ಎಂದು ಹೇಳುತ್ತಾರೆ, ಆದರೆ ಹೇಗೆ ಅಳೆಯಬೇಕು ಎಂಬುದಕ್ಕೆ ಎಲ್ಲರೂ ಒಪ್ಪಿದ ಮಾನದಂಡವೇ ಇಲ್ಲ. ಬಾಕ್ಸ್‌ನಲ್ಲಿ ನೋಡಬೇಕಾದ್ದು ಆರ್‌ಎಂಎಸ್ ವ್ಯಾಟ್, ಅಂದರೆ ಬಿಡದೆ ಕೊಡಬಲ್ಲ ಶಕ್ತಿ. ಅದೂ ‘ಪ್ರತಿ ಚಾನೆಲ್‌ಗೆ, 8 ಓಮ್‌ನಲ್ಲಿ’ ಎಂದು ಬಿಡಿಸಿ ಬರೆದಿದ್ದರೆ ನಂಬಬಹುದು. ಅಂಕಿ ಉಬ್ಬಿಸುವ ಚಾಳಿ ನಮ್ಮಲ್ಲಿ ಮಾತ್ರ ಇರುವುದಲ್ಲ. ಇದನ್ನು ತಡೆಯಲೆಂದೇ ಅಮೆರಿಕದ ಫೆಡರಲ್ ಟ್ರೇಡ್ ಕಮಿಷನ್ 1974ರಲ್ಲಿ ಆಂಪ್ಲಿಫೈಯರ್‌ಗಳಿಗೇ ಪ್ರತ್ಯೇಕ ನಿಯಮ ತಂದಿತು, 2024ರಲ್ಲಿ ಅದನ್ನು ಪರಿಷ್ಕರಿಸಿತು.

ಇನ್ನು ಟ್ವೀಟರ್ ಸುಟ್ಟಿದ್ದು ಹೇಗೆ ಎಂಬ ಪ್ರಶ್ನೆ. 20 ವ್ಯಾಟ್‌ನ ಆಂಪ್ಲಿಫೈಯರ್‌ಗೆ ಅದರ ಮಿತಿ ಮೀರಿದ ಸದ್ದು ಕೇಳಿದರೆ ಅದು ಸಂಗೀತದ ಅಲೆಯ ತುದಿಗಳನ್ನು ಕತ್ತರಿಸಿಬಿಡುತ್ತದೆ. ದುಂಡಗಿರಬೇಕಾದ ಅಲೆಯ ನೆತ್ತಿ ಚಪ್ಪಟೆಯಾಗುತ್ತದೆ. ಇದಕ್ಕೆ ಕ್ಲಿಪ್ಪಿಂಗ್ ಎನ್ನುತ್ತಾರೆ. ಜಾತ್ರೆಯ ಮೈಕ್‌ನಲ್ಲಿ ಕೇಳುವ ಆ ಒಡೆದ, ಕರ್ಕಶ ದನಿ ಹೆಚ್ಚಾಗಿ ಇದೇ. ಆಂಪ್ಲಿಫೈಯರ್ ಪೂರ್ತಿ ಚಪ್ಪಟೆ ಅಲೆ ಕಕ್ಕತೊಡಗಿದರೆ ತನ್ನ ಆರ್‌ಎಂಎಸ್ ಅಂಕಿಯ ಎರಡರಷ್ಟರವರೆಗೂ ಶಕ್ತಿ ಹೊರಹಾಕಬಲ್ಲದು. ತುದಿ ಕತ್ತರಿಸಿಹೋದರೂ ವಾಲ್ಯೂಮ್ ಏರಿಸಿದಂತೆ ಸಣ್ಣ ದನಿಗಳೆಲ್ಲ ಮೇಲೇರುತ್ತವೆ. ತೀಕ್ಷ್ಣ ಸ್ವರಗಳ ಪಾಲು ಹೆಚ್ಚಿ ನೇರ ಟ್ವೀಟರ್‌ಗೆ ಹೋಗುತ್ತದೆ. ಟ್ವೀಟರ್‌ನ ಒಳಗಿನ ತಂತಿ ಕೂದಲಿನಂತೆ ಸಪೂರ, ಬಹಳ ಹೊತ್ತು ಕೆಲವೇ ವ್ಯಾಟ್‌ಗಿಂತ ಹೆಚ್ಚು ತಾಳುವುದಿಲ್ಲ. ಸ್ಪೀಕರ್ ಮೇಲೆ ಬರೆದಿರುವ 80 ವ್ಯಾಟ್ ಇಡೀ ಪೆಟ್ಟಿಗೆಯ ಲೆಕ್ಕವೇ ಹೊರತು ಟ್ವೀಟರ್‌ನ ಲೆಕ್ಕವಲ್ಲ.

ಆದ್ದರಿಂದ ಎರಡನೆಯ ಸಲಹೆ ಅರ್ಧ ಸತ್ಯ. ದೊಡ್ಡ ಆಂಪ್ಲಿಫೈಯರನ್ನು ಅತಿಯಾಗಿ ಏರಿಸಿದರೆ ಸ್ಪೀಕರ್ ಹೋಗುವುದು ನಿಜ. ಆದರೆ ಹದವಾಗಿ ಇಟ್ಟರೆ 80 ವ್ಯಾಟ್‌ನ ಸ್ಪೀಕರ್‌ಗೆ 100 ವ್ಯಾಟ್‌ನ ಆಂಪ್ಲಿಫೈಯರ್‌ನಿಂದ ಅಪಾಯವಿಲ್ಲ. ಪೂರ್ತಿ ತಿರುಗಿಸಿದ ಪುಟಾಣಿ ಆಂಪ್ಲಿಫೈಯರ್ ಇದಕ್ಕಿಂತ ಕೆಟ್ಟದ್ದು.

ಮೊದಲ ಸಲಹೆಯೂ ನಿಲ್ಲುವುದಿಲ್ಲ. ವ್ಯಾಟ್ ಎರಡು ಪಟ್ಟಾದರೆ ಸದ್ದು ಏರುವುದು 3 ಡೆಸಿಬೆಲ್ ಮಾತ್ರ, ‘ಸ್ವಲ್ಪ ಜಾಸ್ತಿ ಆಯಿತೇನೋ’ ಎನ್ನುವಷ್ಟು. ಕಿವಿಗೆ ದುಪ್ಪಟ್ಟು ಅನ್ನಿಸಬೇಕಾದರೆ ಸುಮಾರು ಹತ್ತು ಪಟ್ಟು ಶಕ್ತಿ ಬೇಕು. 50ರ ಬದಲು 60 ವ್ಯಾಟ್ ಎಂದು ದುಡ್ಡು ಹೆಚ್ಚು ಕೊಡುವುದರಲ್ಲಿ ಅರ್ಥವಿಲ್ಲ. ಸ್ಪೀಕರ್‌ನ ಸೆನ್ಸಿಟಿವಿಟಿ ನೋಡಿ. 88 ಡೆಸಿಬೆಲ್ ಎಂದಿದ್ದರೆ ಒಂದೇ ವ್ಯಾಟ್‌ನಲ್ಲಿ ಒಂದು ಮೀಟರ್ ದೂರಕ್ಕೆ ಅಷ್ಟು ಸದ್ದು ಬರುತ್ತದೆ. ಮನೆಯ ಹಾಲ್‌ನಲ್ಲಿ ಕೂತು ಮಾತಾಡಿಕೊಂಡು ಹಾಡು ಕೇಳಲು ಒಂದು ವ್ಯಾಟ್ ಕೂಡ ಪೂರ್ತಿ ಬೇಕಾಗದು. ಉಳಿದದ್ದು ತಬಲಾದ ಪೆಟ್ಟು ಬಿದ್ದ ಆ ಗಳಿಗೆಗೆ ಕೈಯಲ್ಲಿರಬೇಕಾದ ಮೀಸಲು. ಕಿವಿಯ ಸುರಕ್ಷತೆಗೆ ವಿಶ್ವ ಆರೋಗ್ಯ ಸಂಸ್ಥೆ ದೊಡ್ಡವರಿಗೆ ಹಾಕಿಕೊಟ್ಟ ಮಿತಿ ವಾರಕ್ಕೆ 40 ಗಂಟೆ 80 ಡೆಸಿಬೆಲ್. ಅದೇ 90 ಆದರೆ ವಾರಕ್ಕೆ 4 ಗಂಟೆಯಷ್ಟೇ.

ವ್ಯಾಟ್‌ಗಿಂತ ಮುಖ್ಯವಾದದ್ದು, ಆದರೆ ಫಾರ್ವರ್ಡ್‌ಗಳಲ್ಲಿ ಕಾಣದ್ದು, ಓಮ್. ಸ್ಪೀಕರ್ ಹಿಂದೆ 4, 6 ಅಥವಾ 8 ಓಮ್ ಎಂದು ಬರೆದಿರುತ್ತದೆ. ಅಂಕಿ ಕಡಿಮೆಯಾದಷ್ಟೂ ಅದು ಎಳೆಯುವ ಕರೆಂಟ್ ಹೆಚ್ಚು. ‘ಕನಿಷ್ಠ 8 ಓಮ್’ ಎಂದಿರುವ ಆಂಪ್ಲಿಫೈಯರ್‌ಗೆ 4 ಓಮ್‌ನ ಸ್ಪೀಕರ್ ಸಿಕ್ಕಿಸಿದರೆ ಅದು ವಿಪರೀತ ಬಿಸಿಯಾಗಿ ತಾನೇ ಆಫ್ ಆಗಬಹುದು, ಇಲ್ಲವೇ ಸುಟ್ಟುಹೋಗಬಹುದು. 8 ಓಮ್‌ನ ಎರಡು ಸ್ಪೀಕರನ್ನು ಒಂದೇ ಜೋಡಿ ಟರ್ಮಿನಲ್‌ಗೆ ಪಕ್ಕಪಕ್ಕ ಸೇರಿಸಿದರೂ ಅದು 4 ಓಮ್ ಆಗುತ್ತದೆ. ಹಳೆಯ 5.1 ಹೋಂ ಥಿಯೇಟರ್ ಕೆಟ್ಟು ಅದರ ಸ್ಪೀಕರ್‌ಗಳನ್ನಾದರೂ ಬಳಸೋಣ ಎನ್ನುವವರು ಇಲ್ಲಿ ಎಚ್ಚರವಾಗಿರಬೇಕು. ಅಂಥ ಸೆಟ್‌ಗಳಲ್ಲಿ 3 ಅಥವಾ 4 ಓಮ್‌ನ ಸ್ಪೀಕರ್‌ಗಳು ಸಾಮಾನ್ಯ.

ಬೆಲೆ ಹೆಚ್ಚಾದರೆ ಧ್ವನಿ ಚೆಂದವೇ? 1987ರಲ್ಲಿ ಅಮೆರಿಕದ ‘ಸ್ಟೀರಿಯೋ ರಿವ್ಯೂ’ ಪತ್ರಿಕೆ ಇನ್ನೂರು ಚಿಲ್ಲರೆ ಡಾಲರ್‌ನಿಂದ 12,000 ಡಾಲರ್‌ವರೆಗಿನ ಆಂಪ್ಲಿಫೈಯರ್‌ಗಳನ್ನು ಯಾವುದು ಯಾವುದೆಂದು ಹೇಳದೆ ಕೇಳಿಸಿತ್ತು. ಕೇಳಿದವರ ಉತ್ತರ ನಾಣ್ಯ ಚಿಮ್ಮಿ ಹೇಳಿದಂತೆಯೇ ಇತ್ತು. ದುಡ್ಡಿದ್ದರೆ ಸ್ಪೀಕರ್‌ಗೆ ಹಾಕಿ ಎಂಬುದು ನಮ್ಮ ಅಭಿಪ್ರಾಯ.

ಕೊಳ್ಳುವ ಮೊದಲು ಹಳೆಯದನ್ನು ಒಮ್ಮೆ ರಿಪೇರಿಯವರಿಗೆ ತೋರಿಸಿ. ಹಲವು ಸಲ ಹೋಗಿರುವುದು ಫ್ಯೂಸ್ ಅಥವಾ ಕೆಪಾಸಿಟರ್ ಅಷ್ಟೇ. ನೀವೇ ಮುಚ್ಚಳ ಬಿಚ್ಚಬೇಡಿ, ಪ್ಲಗ್ ತೆಗೆದ ಮೇಲೂ ಕೆಪಾಸಿಟರ್‌ನಲ್ಲಿ ಶಾಕ್ ಹೊಡೆಯುವಷ್ಟು ವಿದ್ಯುತ್ ಉಳಿದಿರಬಹುದು. ಸ್ಪೀಕರ್‌ಗಳನ್ನೂ ಪರೀಕ್ಷಿಸಿ. ಆಂಪ್ಲಿಫೈಯರ್‌ನಿಂದ ವೈರ್ ಬಿಚ್ಚಿ, ಆ ವೈರ್‌ಗಳ ತುದಿಯನ್ನು ಗಡಿಯಾರದ 1.5 ವೋಲ್ಟ್ ಸೆಲ್‌ಗೆ ಕ್ಷಣ ತಾಗಿಸಿದರೆ ಟಕ್ ಎನ್ನಬೇಕು. ಹೀಗೆ ಟಕ್ ಎನ್ನುವುದು ಹೆಚ್ಚಾಗಿ ದೊಡ್ಡ ಕೋನ್, ಟ್ವೀಟರ್ ಸರಿಯಿದೆಯೇ ಎಂದು ಹಾಡು ಹಾಕಿ ಕಿವಿ ಹತ್ತಿರ ಇಟ್ಟೇ ನೋಡಬೇಕು. ಆಮೇಲೆ ಸ್ಪೀಕರ್‌ನ ಹಿಂಬದಿಯ ಫೋಟೋ ತೆಗೆದುಕೊಂಡು ಅಂಗಡಿಗೆ ಹೋಗಿ, ಆಂಪ್ಲಿಫೈಯರ್‌ನ ಮುಂಬದಿಗಿಂತ ಮೊದಲು ಹಿಂಬದಿ ತೋರಿಸಲು ಕೇಳಿ.

ಆ ಮನೆಗೆ ಕೊನೆಗೆ ಬಂದದ್ದು ಚಾನೆಲ್‌ಗೆ 50 ವ್ಯಾಟ್‌ನ ಒಂದು ಸ್ಟೀರಿಯೋ ಆಂಪ್ಲಿಫೈಯರ್, ಜೊತೆಗೆ ಎರಡು ಹೊಸ ಟ್ವೀಟರ್. ವಾಲ್ಯೂಮ್ ಗುಂಡಿ ಅರ್ಧಕ್ಕಿಂತ ಮೇಲೆ ಹೋದದ್ದನ್ನು ನಾವಿನ್ನೂ ನೋಡಿಲ್ಲ.