ಅಪಧಮನಿ ಕಾಠಿಣ್ಯ: ತಿಳಿವಳಿಕೆ ಮತ್ತು ಚಿಕಿತ್ಸೆಯ ಚರಿತ್ರೆ

ಹೃದಯದಿಂದ ಅಂಗಾಂಗಗಳಿಗೆ ರಕ್ತ ಒಯ್ಯುವ ನಾಳಗಳ ಗೋಡೆ ದಪ್ಪಗಾಗಿ, ಪೆಡಸಾಗಿ, ಹಿಗ್ಗಿ ಕುಗ್ಗುವ ಗುಣ ಕಳೆದುಕೊಳ್ಳುವುದೇ ಅಪಧಮನಿ ಕಾಠಿಣ್ಯ. ಇದರ ಮುಖ್ಯ ಬಗೆಯಲ್ಲಿ ಗೋಡೆಯ ಒಳಪದರದೊಳಗೆ ಕೊಲೆಸ್ಟರಾಲ್, ಬಿಳಿ ರಕ್ತಕಣ, ನಾರು, ಸುಣ್ಣ ಸೇರಿಕೊಂಡು ಪ್ಲೇಕ್ ಎಂಬ ದಪ್ಪನೆಯ ಶೇಖರಣೆ ಬೆಳೆಯುತ್ತದೆ. ಇದು ಹೃದಯದ ನಾಳಗಳಲ್ಲಾದರೆ ಎದೆನೋವು ಮತ್ತು ಹೃದಯಾಘಾತ, ಮಿದುಳಿನ ನಾಳಗಳಲ್ಲಾದರೆ ಲಕ್ವ, ಕಾಲಿನ ನಾಳಗಳಲ್ಲಾದರೆ ನಡೆಯುವಾಗ ಮೀನಖಂಡ ಹಿಡಿದುಕೊಳ್ಳುವ ನೋವು. ನಾಳ ಕಟ್ಟಿಕೊಳ್ಳುತ್ತದೆ ಎಂಬುದು ವೈದ್ಯರಿಗೆ ಬಹುಕಾಲದಿಂದ ಗೊತ್ತಿತ್ತು. ರೋಗದ ನೆಲೆ ನಾಳದ ಗೋಡೆಯೊಳಗಿದೆ, ಅದನ್ನು ತಡೆಯಲೂ ಬಹುದು ಎಂಬುದು ಮನದಟ್ಟಾಗಿದ್ದು ಇಪ್ಪತ್ತನೆಯ ಶತಮಾನದಲ್ಲಿ.

ಇದು ಕಾರು, ಫ್ರಿಜ್ಜುಗಳ ಕಾಲದ ಕಾಯಿಲೆ ಎಂಬ ಮಾತು ಪೂರ್ತಿ ನಿಜವಲ್ಲ. ಈಜಿಪ್ಟಿನಲ್ಲಿದ್ದ ವೈದ್ಯ ಮಾರ್ಕ್ ಆರ್ಮಾಂಡ್ ರಫರ್ 1911ರಲ್ಲಿ ಅಲ್ಲಿನ ಮಮ್ಮಿಗಳ ನಾಳಗಳಲ್ಲಿ ಸುಣ್ಣಗಟ್ಟಿದ್ದನ್ನು ವರ್ಣಿಸಿದ. ಈಜಿಪ್ಟ್, ಪೆರು ಮತ್ತು ಉತ್ತರ ಅಮೆರಿಕದ 137 ಮಮ್ಮಿಗಳನ್ನು ಸಿ.ಟಿ. ಸ್ಕ್ಯಾನ್‌ಗೆ ಒಡ್ಡಿ 2013ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ 47 ದೇಹಗಳಲ್ಲಿ, ಅಂದರೆ ಮೂರರಲ್ಲಿ ಒಂದರಲ್ಲಿ, ಇದರ ಗುರುತು ಸಿಕ್ಕಿತು. ಅವರಲ್ಲಿ ಬೇಟೆಯಾಡಿ ಬದುಕುತ್ತಿದ್ದ ಜನರೂ ಇದ್ದರು.

1768ರಲ್ಲಿ ಲಂಡನ್ನಿನ ವಿಲಿಯಂ ಹೆಬರ್ಡನ್, ನಡೆಯುವಾಗ, ಅದರಲ್ಲೂ ಏರು ಹತ್ತುವಾಗ ಬಂದು, ನಿಂತೊಡನೆ ಇಳಿದುಹೋಗುವ ಎದೆನೋವನ್ನು ವರ್ಣಿಸಿ ಅದಕ್ಕೆ ಆಂಜೈನಾ ಎಂದು ಹೆಸರಿಟ್ಟ. ಕಾರಣ ಅವನಿಗೆ ಹೊಳೆಯಲಿಲ್ಲ. ಹೊಳೆದದ್ದು ಮುಂದೆ ಸಿಡುಬಿನ ಲಸಿಕೆಯಿಂದ ಹೆಸರಾದ ಎಡ್ವರ್ಡ್ ಜೆನ್ನರ್‌ಗೆ. ಆಂಜೈನಾದಿಂದ ಸತ್ತವನೊಬ್ಬನ ಹೃದಯವನ್ನು ಕೊಯ್ಯುತ್ತಿದ್ದಾಗ ಅವನ ಚಾಕು ಏನಕ್ಕೋ ತಾಗಿ ಬಾಯಿ ಮುಕ್ಕಾಯಿತು. ಹಳೆಯ ಛಾವಣಿಯ ಗಾರೆ ಉದುರಿ ಬಿದ್ದಿರಬೇಕೆಂದು ಜೆನ್ನರ್ ತಲೆಯೆತ್ತಿ ನೋಡಿದ. ಮತ್ತೆ ಬಗ್ಗಿ ಪರೀಕ್ಷಿಸಿದರೆ, ಹೃದಯಕ್ಕೇ ರಕ್ತ ಉಣಿಸುವ ಕರೋನರಿ ನಾಳಗಳು ಮೂಳೆಯ ಕೊಳವೆಗಳಂತಾಗಿದ್ದವು. ಆದರೂ ಅವನು ಇದನ್ನು ಪ್ರಕಟಿಸಲಿಲ್ಲ. ಅವನ ಗುರುವೂ ಸ್ನೇಹಿತನೂ ಆದ ಶಸ್ತ್ರವೈದ್ಯ ಜಾನ್ ಹಂಟರ್‌ಗೆ ಇದೇ ಕಾಯಿಲೆಯ ಲಕ್ಷಣಗಳಿದ್ದವು. ಓದಿ ಎದೆಗುಂದಿಯಾನು ಎಂಬ ಅಳುಕು. 1793ರಲ್ಲಿ ಲಂಡನ್ನಿನ ಸೇಂಟ್ ಜಾರ್ಜ್ ಆಸ್ಪತ್ರೆಯ ಸಭೆಯೊಂದರಲ್ಲಿ ವಾಗ್ವಾದ ನಡೆಯುತ್ತಿದ್ದಾಗಲೇ ಹಂಟರ್ ಕುಸಿದು ಸತ್ತ. ಮರಣೋತ್ತರ ಪರೀಕ್ಷೆಯಲ್ಲಿ ಕಂಡದ್ದು ಜೆನ್ನರ್ ಊಹಿಸಿದ್ದೇ. ವಿಷಯ 1799ರಲ್ಲಿ ಕೇಲೆಬ್ ಪ್ಯಾರಿಯ ಪುಸ್ತಕದ ಮೂಲಕ ಹೊರಬಿತ್ತು.

ಹತ್ತೊಂಬತ್ತನೆಯ ಶತಮಾನದಲ್ಲಿ ಚರ್ಚೆ ಪ್ರಯೋಗಶಾಲೆಗೆ ಸರಿಯಿತು. ನಾಳದ ದಪ್ಪಕ್ಕೆ ರಕ್ತದಿಂದ ಕೂಡಿಕೊಂಡ ಪದಾರ್ಥವೇ ಕಾರಣ ಎಂದ ವಿಯೆನ್ನಾದ ರೊಕಿಟಾನ್ಸ್ಕಿ. ಗೋಡೆಯೊಳಗಿನ ಉರಿಯೂತವೇ ಮೂಲ ಎಂದ ಜರ್ಮನಿಯ ವಿರ್ಕೊ. ಇಬ್ಬರ ಮಾತಿನಲ್ಲೂ ಹುರುಳಿತ್ತೆಂದು ಈಗ ಗೊತ್ತು.

ನಿರ್ಣಾಯಕ ಹೆಜ್ಜೆ ಇಟ್ಟದ್ದು ಸೇಂಟ್ ಪೀಟರ್ಸ್‌ಬರ್ಗಿನ ನಿಕೊಲಾಯ್ ಅನಿಚ್ಕೋವ್. ರೋಗಗ್ರಸ್ತ ಮಹಾಪಧಮನಿಯಲ್ಲಿ ಕೊಲೆಸ್ಟರಾಲ್ ಹಲವು ಪಟ್ಟು ಹೆಚ್ಚಿರುವುದನ್ನು 1910ರಲ್ಲಿ ಅಡಾಲ್ಫ್ ವಿಂಡೌಸ್ ತೋರಿಸಿದ್ದ. 1913ರಲ್ಲಿ ಅನಿಚ್ಕೋವ್ ಮತ್ತು ಸಂಗಡಿಗರು ಶುದ್ಧ ಕೊಲೆಸ್ಟರಾಲನ್ನು ಸೂರ್ಯಕಾಂತಿ ಎಣ್ಣೆಯಲ್ಲಿ ಕರಗಿಸಿ ಮೊಲಗಳಿಗೆ ತಿನ್ನಿಸಿದರು. ಬರಿಯ ಎಣ್ಣೆ ತಿಂದ ಮೊಲಗಳಿಗೆ ಏನೂ ಆಗಲಿಲ್ಲ. ಕೊಲೆಸ್ಟರಾಲ್ ತಿಂದವುಗಳ ನಾಳಗಳಲ್ಲಿ ಮನುಷ್ಯರಲ್ಲಿ ಕಾಣುವಂಥದೇ ಕೊಬ್ಬಿನ ಶೇಖರಣೆ ಎದ್ದಿತು. ಇಷ್ಟಾದರೂ ದಶಕಗಳ ಕಾಲ ಲೋಕ ಇದನ್ನು ಗಂಭೀರವಾಗಿ ತೆಗೆದುಕೊಳ್ಳಲಿಲ್ಲ. ಇಲಿ, ನಾಯಿಗಳಲ್ಲಿ ಪ್ರಯೋಗ ಫಲಿಸಲಿಲ್ಲ, ಸೊಪ್ಪು ತಿನ್ನುವ ಮೊಲದ ಸಾಕ್ಷ್ಯ ಮನುಷ್ಯನಿಗೆ ಸಲ್ಲದು ಎಂದರು. ವಯಸ್ಸಾದ ಮೇಲೆ ನಾಳ ಗಟ್ಟಿಯಾಗುವುದು ಸಹಜ ಎಂಬ ನಂಬಿಕೆಯೇ ದೊಡ್ಡ ಅಡ್ಡಿಯಾಗಿತ್ತು ಎನ್ನಬೇಕು. ಅದಕ್ಕೆ ಪೆಟ್ಟು ಬಿದ್ದದ್ದು ಕೊರಿಯಾ ಯುದ್ಧದಲ್ಲಿ. ಸರಾಸರಿ 22 ವರ್ಷದ 300 ಅಮೆರಿಕನ್ ಸೈನಿಕರ ಶವಪರೀಕ್ಷೆಯ ವರದಿ 1953ರಲ್ಲಿ ಬಂತು: ಮುಕ್ಕಾಲು ಪಾಲು ಹುಡುಗರ ಹೃದಯದ ನಾಳಗಳಲ್ಲಿ ಆಗಲೇ ರೋಗ ಬೇರೂರಿತ್ತು.

ಅಮೆರಿಕದ ಫ್ರಾಮಿಂಗ್‌ಹ್ಯಾಮ್ ಪಟ್ಟಣದಲ್ಲಿ 1948ರಲ್ಲಿ 5,209 ನಿವಾಸಿಗಳನ್ನು ವರ್ಷಗಟ್ಟಲೆ ಗಮನಿಸುವ ಅಧ್ಯಯನ ಶುರುವಾಯಿತು. ಬಿಪಿ, ಕೊಲೆಸ್ಟರಾಲ್, ಸಿಗರೇಟು, ಸಕ್ಕರೆ ಕಾಯಿಲೆಗಳು ರೋಗಕ್ಕೆ ದಾರಿ ಮಾಡುತ್ತವೆಂಬ ಇಂದಿನ ತಿಳಿವಳಿಕೆಗೆ ಬುನಾದಿ ಅದು. ರಕ್ತದಿಂದ, ಕೊಲೆಸ್ಟರಾಲ್ ಹೊತ್ತ ಎಲ್‌ಡಿಎಲ್ ಕಣಗಳನ್ನು ಹೀರಿಕೊಳ್ಳುವ ಜೀವಕೋಶದ ಗ್ರಾಹಕವನ್ನು ಮೈಕೆಲ್ ಬ್ರೌನ್ ಮತ್ತು ಜೋಸೆಫ್ ಗೋಲ್ಡ್‌ಸ್ಟೀನ್ ಪತ್ತೆಹಚ್ಚಿ 1985ರ ನೊಬೆಲ್ ಪಡೆದರು. ಜಪಾನಿನ ಅಕಿರಾ ಎಂಡೊ ಸಾವಿರಾರು ಬೂಷ್ಟುಗಳನ್ನು ಜಾಲಾಡಿ, 1973ರಲ್ಲಿ ಒಂದು ಪೆನಿಸಿಲಿಯಂ ಬೂಷ್ಟಿನಲ್ಲಿ, ಕೊಲೆಸ್ಟರಾಲ್ ತಗ್ಗಿಸುವ ಸ್ಟ್ಯಾಟಿನ್ ಎಂಬ ಬಗೆಯ ಔಷಧಗಳಲ್ಲಿ ಮೊದಲನೆಯದನ್ನು ಕಂಡುಕೊಂಡ. 1994ರಲ್ಲಿ ಸ್ಕ್ಯಾಂಡಿನೇವಿಯಾದ 4,444 ಹೃದ್ರೋಗಿಗಳ ಪ್ರಯೋಗದಲ್ಲಿ ಸ್ಟ್ಯಾಟಿನ್ ಮಾತ್ರೆ ಸಾವಿನ ಅಪಾಯವನ್ನು ಶೇ. 30ರಷ್ಟು ತಗ್ಗಿಸಿತು. ಈ ಚರಿತ್ರೆಯಲ್ಲಿ ಅತಿ ಹೆಚ್ಚು ಜೀವ ಉಳಿಸಿದ್ದು ಈ ಸದ್ದಿಲ್ಲದ ಮಾತ್ರೆಗಳು ಮತ್ತು ತಂಬಾಕು ಬಿಟ್ಟವರ ಮನಸ್ಸು ಎಂದರೆ ತಪ್ಪಾಗಲಾರದು.

ಜನರ ಕಣ್ಣಿಗೆ ಬಿದ್ದದ್ದು ಮಾತ್ರ ಶಸ್ತ್ರಕ್ರಿಯೆ. 1967ರಲ್ಲಿ ಕ್ಲೀವ್‌ಲ್ಯಾಂಡಿನಲ್ಲಿ ರೆನೆ ಫಾವಲೊರೊ ಕಾಲಿನ ರಕ್ತನಾಳ ಬಳಸಿ, ಕಟ್ಟಿಕೊಂಡ ಜಾಗವನ್ನು ದಾಟಿ ರಕ್ತ ಹರಿಯಲು ಬದಲಿ ದಾರಿ, ಅಂದರೆ ಬೈಪಾಸ್ ಮಾಡಿದರು. 1977ರಲ್ಲಿ ಜೂರಿಕ್‌ನಲ್ಲಿ ಆಂಡ್ರಿಯಾಸ್ ಗ್ರುಂಟ್ಸಿಗ್ ಹೃದಯದ ನಾಳದೊಳಗೆ ಬಲೂನು ಹಿಗ್ಗಿಸಿದರು. 1986ರಲ್ಲಿ, ನಾಳವನ್ನು ತೆರೆದಿಡುವ ಲೋಹದ ಜಾಲರಿ ಕೊಳವೆಯಾದ ಸ್ಟೆಂಟ್ ಬಂತು. ಹೃದಯಾಘಾತವಾದ ಗಳಿಗೆಯಲ್ಲಿ ಇವು ಪ್ರಾಣ ಉಳಿಸುತ್ತವೆ. ಆದರೆ ಅನೇಕ ಹೃದಯಾಘಾತಗಳು ನಾಳವನ್ನು ಅಷ್ಟಾಗಿ ಕಿರಿದುಮಾಡಿರದ ಮೆದು ಪ್ಲೇಕ್ ಒಡೆದು, ಅದರ ಮೇಲೆ ರಕ್ತ ಹೆಪ್ಪುಗಟ್ಟಿದಾಗ ಆಗುವಂಥವು. ಬಹುಶಃ ಹೀಗಾಗಿಯೇ ಸ್ಥಿರ ಸ್ಥಿತಿಯಲ್ಲಿರುವ 5,179 ರೋಗಿಗಳ ಇಸ್ಕೀಮಿಯಾ ಪ್ರಯೋಗದಲ್ಲಿ (2019), ಒಳ್ಳೆಯ ಔಷಧೋಪಚಾರದ ಜೊತೆಗೆ ಮೊದಲೇ ಸ್ಟೆಂಟ್ ಅಥವಾ ಬೈಪಾಸ್ ಮಾಡಿದ್ದರಿಂದ ಸಾವು ಕಡಿಮೆಯಾಗಲಿಲ್ಲ. ಎದೆನೋವು ಮಾತ್ರ ತಗ್ಗಿತು.

ಔಷಧ ಮತ್ತು ಮುನ್ನೆಚ್ಚರಿಕೆಯ ಈ ಮಾತು ಭಾರತದವರಿಗೆ ಹೆಚ್ಚು ಅನ್ವಯಿಸುತ್ತದೆ. 52 ದೇಶಗಳ ಇಂಟರ್‌ಹಾರ್ಟ್ ಅಧ್ಯಯನದಲ್ಲಿ ದಕ್ಷಿಣ ಏಷ್ಯಾದವರಿಗೆ ಮೊದಲ ಹೃದಯಾಘಾತ ಸರಾಸರಿ 53ನೇ ವಯಸ್ಸಿಗೇ ಬಂದಿತ್ತು. ಉಳಿದವರಿಗೆ ಸುಮಾರು 59ಕ್ಕೆ. 2017ರ ಫೆಬ್ರವರಿಯಲ್ಲಿ ಕೇಂದ್ರದ ಔಷಧ ಬೆಲೆ ಪ್ರಾಧಿಕಾರವು ಔಷಧಲೇಪಿತ ಸ್ಟೆಂಟಿಗೆ 29,600 ರೂಪಾಯಿಯ ಮಿತಿ ಹಾಕಿ ಚಿಕಿತ್ಸೆಯನ್ನು ಅಗ್ಗವಾಗಿಸಿತು. ಆದರೆ ಸ್ಟೆಂಟ್ ಸರಿಪಡಿಸುವುದು ನಾಳದ ಒಂದು ತುಣುಕನ್ನಷ್ಟೇ. ಅದನ್ನು ಹಾಕಿಸಿಕೊಂಡವರು ವೈದ್ಯರನ್ನು ಕೇಳದೆ ಮಾತ್ರೆ ನಿಲ್ಲಿಸಬಾರದು, ಬಿಪಿ ಮತ್ತು ಸಕ್ಕರೆ ಹತೋಟಿಯಲ್ಲಿಟ್ಟುಕೊಳ್ಳಬೇಕು, ಬೀಡಿ ಸಿಗರೇಟು ಮುಟ್ಟಬಾರದು.