ಬೈಲಕುಪ್ಪೆಯ ಕ್ಯಾಂಪುಗಳು ಮತ್ತು ‘ನಿರಾಶ್ರಿತ’ ಎಂಬ ಪದ

ಕನ್ನಡದಲ್ಲಿ ‘ನಿರಾಶ್ರಿತ’ ಎಂಬ ಪದದ ಬಳಕೆ ಸಡಿಲವಾದುದು. ನೆರೆಯಲ್ಲಿ ಮನೆ ಕಳೆದುಕೊಂಡವರೂ ಅಣೆಕಟ್ಟಿನ ಹಿನ್ನೀರಿಗೆ ಊರು ಬಿಟ್ಟವರೂ ನಿರಾಶ್ರಿತರೆನಿಸಿಕೊಳ್ಳುತ್ತಾರೆ. ಬೆಂಗಳೂರಿನಲ್ಲಿ ಭಿಕ್ಷುಕರಿಗಾಗಿ ಇರುವ ಸಂಸ್ಥೆಯ ಹೆಸರೂ ನಿರಾಶ್ರಿತರ ಪರಿಹಾರ ಕೇಂದ್ರವೇ. ವಿಶ್ವಸಂಸ್ಥೆಯ 1951ರ ಒಡಂಬಡಿಕೆ ಈ ಪದಕ್ಕೆ ಕಟ್ಟುನಿಟ್ಟಾದ ಅರ್ಥವನ್ನು ಕೊಟ್ಟಿದೆ. ಅದರ ಪ್ರಕಾರ, ಜನಾಂಗ, ಧರ್ಮ, ರಾಷ್ಟ್ರೀಯತೆ, ಸಾಮಾಜಿಕ ಗುಂಪು ಅಥವಾ ರಾಜಕೀಯ ಅಭಿಪ್ರಾಯದ ಕಾರಣದಿಂದ ಕಿರುಕುಳಕ್ಕೆ ಗುರಿಯಾಗುವ ಭಯ ಸಕಾರಣವಾಗಿದ್ದು, ಸ್ವದೇಶದ ಹೊರಗಿರುವ ಮತ್ತು ಅಲ್ಲಿಗೆ ಮರಳಲಾಗದ ವ್ಯಕ್ತಿಯೇ ನಿರಾಶ್ರಿತ. ನಿರಾಶ್ರಿತರೆಂಬ ಮನ್ನಣೆಯನ್ನು ಬೇಡಿ, ಇನ್ನೂ ತೀರ್ಮಾನಕ್ಕಾಗಿ ಕಾಯುತ್ತಿರುವವರನ್ನು ಆಶ್ರಯಕೋರರು ಎನ್ನಲಾಗುತ್ತದೆ.

ಈ ವ್ಯತ್ಯಾಸಗಳು ಕರ್ನಾಟಕದ ನೆಲದಲ್ಲಿಯೇ ಕಾಣಸಿಗುತ್ತವೆ. ಸುಳ್ಯ, ಪುತ್ತೂರುಗಳ ರಬ್ಬರ್ ತೋಟಗಳಲ್ಲಿ ನೆಲೆಸಿದ ತಮಿಳರು 1964ರ ಭಾರತ–ಶ್ರೀಲಂಕಾ ಒಪ್ಪಂದದಂತೆ ಭಾರತದ ಪೌರರಾಗಿ ಮರಳಿದವರು. ಸಿಂಧನೂರಿನ ಬಳಿಯ ಪುನರ್ವಸತಿ ಕ್ಯಾಂಪುಗಳ ಬಂಗಾಳಿಗಳು ಪೂರ್ವ ಪಾಕಿಸ್ತಾನದಿಂದ ಬಂದವರು. ಆದರೆ ಒಡಂಬಡಿಕೆಯ ಅರ್ಥಕ್ಕೆ ತೀರ ಹತ್ತಿರವಾದ ಉದಾಹರಣೆ ಪಿರಿಯಾಪಟ್ಟಣ ತಾಲ್ಲೂಕಿನ ಬೈಲಕುಪ್ಪೆಯ ಟಿಬೆಟನ್ನರದು.

1959ರ ಮಾರ್ಚ್‌ನಲ್ಲಿ ಲಾಸಾದ ದಂಗೆಯನ್ನು ಚೀನಾ ಹತ್ತಿಕ್ಕಿದಾಗ ದಲೈ ಲಾಮಾ ಭಾರತಕ್ಕೆ ಬಂದರು. ಅವರ ಹಿಂದೆಯೇ ಸಾವಿರಾರು ಜನ ಹಿಮಾಲಯವನ್ನು ದಾಟಿದರು. ಮೊದಲು ಅಸ್ಸಾಮಿನ ಮಿಸಾಮಾರಿಯ ಬಿಡಾರಗಳಲ್ಲಿಯೂ ಬಂಗಾಳದ ಬಕ್ಸಾದ ಹಳೆಯ ಸೆರೆಮನೆಯಲ್ಲಿಯೂ ಇಳಿದುಕೊಂಡ ಇವರಲ್ಲಿ ಅನೇಕರು ಬೆಟ್ಟದ ರಸ್ತೆಗಳನ್ನು ಕಡಿಯುವ ಕೂಲಿಗೆ ಹೋದರು. ಇವರಿಗೆ ನೆಲೆ ಕೊಡಬೇಕೆಂಬ ಪ್ರಧಾನಿ ನೆಹರೂ ಅವರ ಕೋರಿಕೆಗೆ ಓಗೊಟ್ಟು ಅಂದಿನ ಮೈಸೂರು ರಾಜ್ಯವು ಬೈಲಕುಪ್ಪೆಯಲ್ಲಿ ಸುಮಾರು 3,000 ಎಕರೆ ಭೂಮಿಯನ್ನು ಗುತ್ತಿಗೆಯ ಮೇಲೆ ಒದಗಿಸಿತು. ಮೊದಲ ತಂಡಗಳು 1960ರ ಕೊನೆಗೆ ಬಂದಿಳಿದಾಗ ಅಲ್ಲಿದ್ದುದು ಕಾಡು; ಮರ ಕಡಿದು, ಬೇರು ಕಿತ್ತು, ಹೊಲ ಮಾಡುವ ಕೆಲಸ ಬಂದವರ ಪಾಲಿಗೇ ಬಿತ್ತು.

ಎತ್ತರದ ಶೀತ ಪ್ರದೇಶದಲ್ಲಿ ಬಾರ್ಲಿ ಬೆಳೆದು, ಚಮರೀಮೃಗ ಸಾಕಿದ್ದವರಿಗೆ ಇಲ್ಲಿನ ಸೆಕೆಯೂ ಮುಂಗಾರಿನ ಲೆಕ್ಕವೂ ಹೊಸದಾಗಿದ್ದವು. ಅವರು ಕಲಿತ ಮುಖ್ಯ ಬೆಳೆ ಮುಸುಕಿನ ಜೋಳ. ತೆನೆ ಹಾಲುಗಟ್ಟುವ ಹೊತ್ತಿಗೆ ಕಾಡಾನೆಗಳು ಹೊಲಕ್ಕೆ ಇಳಿಯುತ್ತಿದ್ದುದರಿಂದ, ಸುತ್ತಲಿನ ಹಳ್ಳಿಗರಂತೆ ಅವರೂ ರಾತ್ರಿ ಕಾವಲು ಕೂರಬೇಕಾಯಿತು. ಮಾರಾಟಕ್ಕೂ ಸಾಲಕ್ಕೂ ಸಹಕಾರ ಸಂಘ ಹುಟ್ಟಿತು. ಟಿಬೆಟನ್ನರ ಪುನರ್ವಸತಿಗೆಂದೇ 1968ರಲ್ಲಿ ಸ್ಥಾಪನೆಯಾದ ಮೈರಾಡ ಸಂಸ್ಥೆ ಮುಂದೆ ಕನ್ನಡ ನಾಡಿನ ಬಡ ರೈತರ ಕೆಲಸಕ್ಕೆ ತಿರುಗಿತು. ಬೇಸಾಯದ ಆದಾಯ ಸಾಲದಿದ್ದ ಕುಟುಂಬಗಳು ಚಳಿಗಾಲದಲ್ಲಿ ಲೂಧಿಯಾನದ ಸ್ವೆಟರ್‌ಗಳನ್ನು ತಂದು ಊರೂರಿನ ಬೀದಿಬದಿಯಲ್ಲಿ ಮಾರುವ ರೂಢಿ ಬೆಳೆಯಿತು; ಕಾವೇರಿಯ ಸೀಮೆಯನ್ನು ಎಂದೂ ಕಾಣದ ಕನ್ನಡಿಗರಿಗೂ ಟಿಬೆಟನ್ನರ ಪರಿಚಯವಾದದ್ದು ಹೀಗೆ.

ಮುಂಡಗೋಡದಲ್ಲಿ 1966ರಲ್ಲಿ ಮತ್ತೊಂದು ನೆಲೆ ಆರಂಭವಾಯಿತು. ಮುಂದೆ ಹುಣಸೂರಿನ ಬಳಿಯ ಗುರುಪುರ ಮತ್ತು ಕೊಳ್ಳೇಗಾಲದ ಕಡೆಯ ಒಡೆಯರಪಾಳ್ಯಗಳೂ ಸೇರಿದವು. ಬಕ್ಸಾದಲ್ಲಿ ಉಳಿದಿದ್ದ ಭಿಕ್ಷುಗಳು 1970ರ ಸುಮಾರಿಗೆ ದಕ್ಷಿಣಕ್ಕೆ ಬಂದು, 15ನೆಯ ಶತಮಾನದಲ್ಲಿ ಲಾಸಾದ ಸುತ್ತ ಸ್ಥಾಪಿತವಾಗಿದ್ದ ಮೂರು ಮಹಾವಿಹಾರಗಳ ಪೈಕಿ ಸೆರಾವನ್ನು ಬೈಲಕುಪ್ಪೆಯಲ್ಲಿಯೂ, ಗಾಂಡೆನ್ ಮತ್ತು ಡ್ರೆಪುಂಗ್‌ಗಳನ್ನು ಮುಂಡಗೋಡದಲ್ಲಿಯೂ ಮತ್ತೆ ಕಟ್ಟಿದರು. ಟಿಬೆಟನ್ ಧರ್ಮಗುರು ಪೆನೋರ್ ರಿಂಪೋಚೆ 1963ರಲ್ಲಿ ಬೈಲಕುಪ್ಪೆಯಲ್ಲಿ ಸ್ಥಾಪಿಸಿದ ನಾಮ್‌ಡ್ರೋಲಿಂಗ್ ವಿಹಾರ ಇಂದು ‘ಗೋಲ್ಡನ್ ಟೆಂಪಲ್’ ಎಂಬ ಹೆಸರಿನಿಂದ ಕೊಡಗಿನ ಪ್ರವಾಸದ ಭಾಗವಾಗಿದೆ.

ಈ ಪರಿಚಯ ಎಷ್ಟು ಸಹಜವಾಯಿತೆಂದರೆ, ಅದರ ಹಿಂದಿನ ಕಾನೂನಿನ ಸ್ಥಿತಿ ನೆರೆಯವರ ಕಣ್ಣಿಗೆ ಬೀಳದೆ ಹೋಯಿತು. ಭಾರತವು 1951ರ ಒಡಂಬಡಿಕೆಗೆ ಸಹಿ ಹಾಕಿಲ್ಲ. 1946ರ ವಿದೇಶಿಯರ ಕಾಯ್ದೆಯಾಗಲಿ, ಅದರ ಸ್ಥಾನಕ್ಕೆ ಬಂದ 2025ರ ಕಾಯ್ದೆಯಾಗಲಿ ನಿರಾಶ್ರಿತ ಎಂಬ ಪ್ರತ್ಯೇಕ ವರ್ಗವನ್ನು ವ್ಯಾಖ್ಯಾನಿಸುವುದಿಲ್ಲ. ಆದ್ದರಿಂದ ಟಿಬೆಟನ್ನರು ವಿದೇಶಿಯರಾಗಿ ನೋಂದಣಿ ಪತ್ರವನ್ನು, ಅಂದರೆ ‘ಆರ್‌ಸಿ’ಯನ್ನು ಕಾಲಕಾಲಕ್ಕೆ ನವೀಕರಿಸಿಕೊಂಡು, ಪಾಸ್‌ಪೋರ್ಟಿಗೆ ಬದಲಾಗಿ ಹಳದಿ ರಟ್ಟಿನ ಗುರುತು ಪುಸ್ತಕದೊಂದಿಗೆ ವಿದೇಶಕ್ಕೆ ಹೋಗುತ್ತ ಬಂದರು. 1950ರ ಜನವರಿ 26ರಿಂದ 1987ರ ಜುಲೈ 1ರ ಮೊದಲಿನವರೆಗೆ ಭಾರತದಲ್ಲಿ ಹುಟ್ಟಿದವರು ಜನ್ಮತಃ ಪೌರರೆಂದು ದೆಹಲಿ ಹೈಕೋರ್ಟ್ 2010ರಲ್ಲಿ ಹೇಳಿತು. ಕರ್ನಾಟಕ ಹೈಕೋರ್ಟ್ 2013ರಲ್ಲಿ ಅದೇ ನಿಲುವನ್ನು ತಳೆಯಿತು. ಪೌರತ್ವ ಪಡೆದರೆ ಟಿಬೆಟಿನ ಹಕ್ಕೊತ್ತಾಯ ಸಡಿಲವಾದೀತೆಂಬ ಅಳುಕಿನಿಂದ ಅದನ್ನು ಬಯಸದವರೂ ಇದ್ದಾರೆ.

ನಿರಾಶ್ರಿತರ ಕುರಿತ ತಿಳಿವಳಿಕೆಗೆ ಬೈಲಕುಪ್ಪೆ ಒದಗಿಸುವ ಪಾಠ ಈ ಇಬ್ಬದಿಯ ಸ್ಥಿತಿಯಲ್ಲಿಯೇ ಇದೆ: ನೆಲ, ಬೆಳೆ ಮತ್ತು ಸಂತೆಗಳ ಮೂಲಕ ಹತ್ತಿರವಾದವರ ಇರುವಿಕೆ ಸರ್ಕಾರದ ಔದಾರ್ಯವನ್ನು ನೆಚ್ಚಿದೆಯೇ ಹೊರತು ಹಕ್ಕನ್ನಲ್ಲ. ಕಲ್ಲುಗೋಡೆಯ ವಿಹಾರಗಳೂ ಮೂರನೆಯ ತಲೆಮಾರಿನ ಮನೆಗಳೂ ಇರುವ ಆ ಬಡಾವಣೆಗಳನ್ನು ಸುತ್ತಲಿನವರೂ ಅಲ್ಲಿನವರೂ ಇಂದಿಗೂ ಒಂದನೇ ಕ್ಯಾಂಪು, ನಾಲ್ಕನೇ ಕ್ಯಾಂಪು ಎಂದೇ ಕರೆಯುತ್ತಾರೆ.