ಕೇಸು ಮುಗಿದ ಮೇಲೆ ಕಡತ ಯಾರದು?

ಆರೋಪಿ ಸಿಕ್ಕಿಬಿದ್ದ, ಚಾರ್ಜ್‌ಶೀಟ್ ಹಾಕಿದರು, ಸೆಷನ್ಸ್ ಕೋರ್ಟಿನಲ್ಲಿ ಶಿಕ್ಷೆಯಾಯಿತು, ಹೈಕೋರ್ಟಿನಲ್ಲಿ ಅಪೀಲು ವಜಾ ಆಯಿತು. ಇಲ್ಲಿಗೆ ಪತ್ರಿಕೆಗಳಿಗೆ ಒಂದು ಕೊಲೆ ಕೇಸಿನ ಮೇಲಿನ ಆಸಕ್ತಿ ಮುಗಿಯುತ್ತದೆ. ಅಷ್ಟು ಹೊತ್ತಿಗೆ ಠಾಣೆಯಲ್ಲಿ ಒಂದು ದಪ್ಪ ಕಡತ ಬೆಳೆದಿರುತ್ತದೆ. ಶಿವಮೊಗ್ಗದಿಂದ ಬಿ.ಎಚ್. ರಸ್ತೆ ಹಿಡಿದು ಮಲವಗೊಪ್ಪದ ಮೇಲೆ ಭದ್ರಾವತಿಗೆ ಹೋಗುವವರು ದಿನವೂ ಇಂಥ ಕಡತಗಳ ಸುತ್ತಮುತ್ತಲೇ ಓಡಾಡುತ್ತಾರೆ. ಈ ಕಡೆ ಶಿವಮೊಗ್ಗ ಗ್ರಾಮಾಂತರ, ತುಂಗಾನಗರ. ಆ ಕಡೆ ಭದ್ರಾವತಿಯ ಹಳೇನಗರ, ನ್ಯೂಟೌನ್, ಪೇಪರ್‌ಟೌನ್. ಠಾಣೆ ಎಂದ ಮೇಲೆ ಅಲ್ಲಿ ಹಳೆಯ ಕೇಸುಗಳ ಕಟ್ಟುಗಳು ಇದ್ದೇ ಇರುತ್ತವೆ.

ಒಂದು ಕಟ್ಟನ್ನು ಬಿಚ್ಚಿದರೆ ಮೊದಲು ಸಿಗುವುದು ದೂರು, ಅದರ ಬೆನ್ನಿಗೆ ಎಫ್‌ಐಆರ್. ಆಮೇಲೆ ಸ್ಥಳ ಮಹಜರು: ಪಂಚರ ಸಹಿ ಅಥವಾ ಹೆಬ್ಬೆಟ್ಟು, ಪೂರ್ವಕ್ಕೆ ಇಂಥವರ ಮನೆ, ಪಶ್ಚಿಮಕ್ಕೆ ಚರಂಡಿ ಎಂದು ಚೆಕ್ಕುಬಂದಿ ಹಾಕಿದ ಕೈನಕ್ಷೆ. ಜಪ್ತಿ ಪಟ್ಟಿ, ಮೆಗ್ಗಾನ್ ಆಸ್ಪತ್ರೆಯ ಮರಣೋತ್ತರ ಪರೀಕ್ಷೆ ವರದಿ, ಎಫ್‌ಎಸ್‌ಎಲ್ ವರದಿ, ಈಚಿನದಾದರೆ ಮೊಬೈಲ್ ಕರೆಗಳ ವಿವರ. ಸಾಕ್ಷಿಗಳ ಹೇಳಿಕೆಗಳು ಬರುವುದು ಇವುಗಳ ನಡುವೆ. ಇದೆಲ್ಲಕ್ಕಿಂತ ಬೇರೆಯಾಗಿ ತನಿಖಾಧಿಕಾರಿ ದಿನದಿನವೂ ಬರೆದ ಕೇಸ್ ಡೈರಿ ಇರುತ್ತದೆ. ಎಷ್ಟು ಗಂಟೆಗೆ ಹೊರಟೆ, ಯಾರನ್ನು ಕಂಡೆ, ಯಾರ ಮೇಲೆ ಅನುಮಾನ ಬಂತು, ಅದು ಯಾಕೆ ಬಿಟ್ಟುಹೋಯಿತು ಎಂಬುದೆಲ್ಲ ಅದರಲ್ಲಿರುತ್ತದೆ. ಒಂದು ಊರಿನ ಒಂದು ಕಾಲದ ಬದುಕು ಇಷ್ಟು ವಿವರವಾಗಿ ದಾಖಲಾಗುವ ಸರ್ಕಾರಿ ಕಾಗದ ಮತ್ತೊಂದಿಲ್ಲ.

ಕೇಸು ಇತ್ಯರ್ಥವಾದ ಮೇಲೆ ಈ ಕಡತವನ್ನು ಸಾಮಾನ್ಯ ನಾಗರಿಕ ಓದಬಹುದೇ? ಈ ಪ್ರಶ್ನೆಗೆ ನಮ್ಮ ಕಾನೂನು ನೂರು ವರ್ಷಕ್ಕೂ ಮಿಕ್ಕಿ ಕಂತುಕಂತಾಗಿ ಉತ್ತರ ಕೊಡುತ್ತ ಬಂದಿದೆ. ಮೊದಲ ಕಂತು ಪೂರ್ತಿ ನಿರಾಕರಣೆ. 1882ರ ದಂಡ ಪ್ರಕ್ರಿಯಾ ಸಂಹಿತೆಯ 172ನೇ ಕಲಮಿನ ಪ್ರಕಾರ ಕೇಸ್ ಡೈರಿಯನ್ನು ನ್ಯಾಯಾಲಯ ತರಿಸಿಕೊಂಡು ನೋಡಬಹುದು, ಆರೋಪಿ ಕೇಳುವಂತಿಲ್ಲ. 1897ರಲ್ಲಿ ಅಲಹಾಬಾದ್ ಹೈಕೋರ್ಟಿನ ಪೂರ್ಣಪೀಠ ಮನ್ನು ಎಂಬವನ ಪ್ರಕರಣದಲ್ಲಿ ಇದನ್ನೇ ಎತ್ತಿಹಿಡಿಯಿತು. 1898ರ ಸಂಹಿತೆ, 1973ರ ಸಂಹಿತೆ ಎರಡೂ ಕಲಮಿನ ಸಂಖ್ಯೆಯನ್ನೂ ಬದಲಿಸದೆ ನಿಯಮ ಉಳಿಸಿಕೊಂಡವು. 2024ರ ಜುಲೈ 1ರಿಂದ ಜಾರಿಯಾದ ಭಾರತೀಯ ನಾಗರಿಕ ಸುರಕ್ಷಾ ಸಂಹಿತೆಯಲ್ಲಿ ಅದು 192ನೇ ಕಲಮು. ಈ ನಡುವೆ ಆದ ಒಂದು ಒಳ್ಳೆಯ ತಿದ್ದುಪಡಿ ಎಂದರೆ ಡೈರಿ ಬಿಡಿ ಹಾಳೆಗಳಲ್ಲಿ ಇರಬಾರದು, ಪುಟಸಂಖ್ಯೆ ಹಾಕಿದ ಸಂಪುಟವಾಗಿರಬೇಕು ಎಂಬುದು. ಹಾಳೆ ಬದಲಿಸುವ ಚಾಳಿ ಇಲ್ಲದಿದ್ದರೆ ಅಂಥ ನಿಯಮ ಬೇಕಾಗುತ್ತಿರಲಿಲ್ಲ.

ಮೈಸೂರು ಸಂಸ್ಥಾನದ ಪೊಲೀಸರೂ ಇದೇ ಪದ್ಧತಿಯಲ್ಲಿ ಬರೆದರು. ನಮ್ಮ ಜಿಲ್ಲೆಯಲ್ಲಿ ಅವರು ಕೈಗೆತ್ತಿಕೊಂಡ ಅತಿ ದೊಡ್ಡ ಕೊಲೆ ಕೇಸು ಈಸೂರಿನದು. ಕ್ವಿಟ್ ಇಂಡಿಯಾ ಚಳವಳಿಯ ಕಾವಿನಲ್ಲಿ ಶಿಕಾರಿಪುರ ತಾಲ್ಲೂಕಿನ ಆ ಹಳ್ಳಿ ತನ್ನದೇ ಸರ್ಕಾರ ಘೋಷಿಸಿಕೊಂಡಿತ್ತು. 1942ರ ಸೆಪ್ಟೆಂಬರ್ 28ರಂದು ಹಳ್ಳಿಗೆ ಬಂದ ಅಮಲ್ದಾರ್ ಮತ್ತು ಸಬ್ ಇನ್ಸ್‌ಪೆಕ್ಟರ್ ಗಲಭೆಯಲ್ಲಿ ಸತ್ತರು. ಸೈನ್ಯ ಬಂತು, ಜನ ಕಾಡು ಸೇರಿದರು. ವಿಚಾರಣೆ ನಡೆದು 1943ರ ಮಾರ್ಚ್‌ನಲ್ಲಿ ಐವರನ್ನು ಗಲ್ಲಿಗೇರಿಸಲಾಯಿತು. ಹಲವರಿಗೆ ಜೀವಾವಧಿ ಆಯಿತು. ಅಂದಿನ ಸರ್ಕಾರದ ಲೆಕ್ಕದಲ್ಲಿ ಅದು ಪತ್ತೆಯಾಗಿ, ಶಿಕ್ಷೆಯೂ ಆಗಿ ಮುಗಿದ ಕೊಲೆ ಪ್ರಕರಣ. ಐದೇ ವರ್ಷದಲ್ಲಿ ಅದರ ಅರ್ಥ ತಲೆಕೆಳಗಾಯಿತು, ಗಲ್ಲಿಗೇರಿದವರು ಹುತಾತ್ಮರಾದರು. ಮೈಸೂರು ಸರ್ಕಾರದ ಕಡತಗಳು ಇಂದು ಬೆಂಗಳೂರಿನ ರಾಜ್ಯ ಪತ್ರಾಗಾರದಲ್ಲಿವೆ, ಸಂಶೋಧಕರು ಅಲ್ಲಿ ಕೂತು ಓದುತ್ತಾರೆ. ಈಸೂರಿನ ಮಟ್ಟಿಗೆ ನನಗೆ ಮುಖ್ಯವಾಗಿ ಕಾಣುವುದು ಇದು: ತೀರ್ಪು ಬಂದೊಡನೆ ಕೇಸಿನ ಅರ್ಥ ಮುಗಿದುಹೋಗುವುದಿಲ್ಲ. ಮರು ಓದು ಬೇಕೆಂದು ಮುಂದಿನ ತಲೆಮಾರಿಗೆ ಅನಿಸಿದಾಗ ಓದಲು ಕಾಗದ ಉಳಿದಿರಬೇಕು.

ಸ್ವಾತಂತ್ರ್ಯ ಬಂದ ಮೇಲೆ ಬಾಗಿಲು ಮೊದಲು ತೆರೆದದ್ದು ಆರೋಪಿಗೆ. 1955ರ ತಿದ್ದುಪಡಿಯಿಂದ ಸಾಕ್ಷಿಗಳ ಹೇಳಿಕೆಗಳ ನಕಲು ವಿಚಾರಣೆಗೆ ಮುಂಚೆಯೇ ಅವನಿಗೆ ಉಚಿತವಾಗಿ ಸಿಗುವಂತಾಯಿತು, 1973ರ ಸಂಹಿತೆಯ 207ನೇ ಕಲಮು ಅದನ್ನು ಭದ್ರಪಡಿಸಿತು. ಪೊಲೀಸರು ವಶಪಡಿಸಿಕೊಂಡು ನ್ಯಾಯಾಲಯಕ್ಕೆ ಒಪ್ಪಿಸಿದ, ಆದರೆ ತಮ್ಮ ವಾದಕ್ಕೆ ಬಳಸದ ದಾಖಲೆಗಳ ಗತಿ ಏನು ಎಂಬ ಪ್ರಶ್ನೆ ಎದ್ದದ್ದು ಬೆಂಗಳೂರಿನ ವಿಶೇಷ ನ್ಯಾಯಾಲಯದಲ್ಲಿ. ತಮಿಳುನಾಡಿನಿಂದ ಇಲ್ಲಿಗೆ ವರ್ಗವಾಗಿದ್ದ ಜಯಲಲಿತಾ ಅವರ ಅಕ್ರಮ ಆಸ್ತಿ ಪ್ರಕರಣದಲ್ಲಿ ವಿ.ಕೆ. ಶಶಿಕಲಾ ಆ ದಾಖಲೆಗಳನ್ನು ನೋಡಬೇಕೆಂದು ಕೇಳಿದರು. 2012ರಲ್ಲಿ ಸುಪ್ರೀಂ ಕೋರ್ಟ್ ಅವರ ಹಕ್ಕನ್ನು ಒಪ್ಪಿತು. 2021ರಲ್ಲಿ ಅದೇ ನ್ಯಾಯಾಲಯ ಇನ್ನೂ ಮುಂದೆ ಹೋಗಿ, ಬಳಸದ ದಾಖಲೆಗಳ ಪಟ್ಟಿಯನ್ನೂ ಆರೋಪಿಗೆ ಕೊಡಬೇಕು ಎಂದಿತು.

ದೂರು ಕೊಟ್ಟವರ ಸರದಿ ಬಂದದ್ದು ತಡವಾಗಿ. ಎಫ್‌ಐಆರ್ ಪ್ರತಿ ಉಚಿತವಾಗಿ ಸಿಗುತ್ತಿತ್ತು, ಅಷ್ಟೇ. ಪೊಲೀಸರು ‘ಬಿ ರಿಪೋರ್ಟ್’ ಹಾಕಿ ಕೇಸು ಮುಚ್ಚಲು ಹೊರಟರೆ ದೂರುದಾರರಿಗೆ ನೋಟಿಸ್ ಕೊಟ್ಟು ಅವರ ಮಾತು ಕೇಳಬೇಕೆಂದು ಸುಪ್ರೀಂ ಕೋರ್ಟ್ ಹೇಳಿದ್ದು 1985ರಲ್ಲಿ. ಹೊಸ ಸಂಹಿತೆ ಬಂದ ಮೇಲೆ ತನಿಖೆ ಎಲ್ಲಿಗೆ ಬಂತೆಂದು 90 ದಿನಗಳೊಳಗೆ ಸಂತ್ರಸ್ತರಿಗೆ ತಿಳಿಸಬೇಕು. ಅವರ ಪರ ವಕೀಲರಿದ್ದರೆ ದೋಷಾರೋಪ ಪಟ್ಟಿಯ ಪ್ರತಿಗಳನ್ನೂ ಕೊಡಬೇಕು. ಮಗನನ್ನು ಕಳೆದುಕೊಂಡ ತಾಯಿಗೆ ತನಿಖೆಯ ಕಾಗದ ಕೈಗೆ ಸಿಗಲು ಆರೋಪಿಗಿಂತ ಏಳು ದಶಕ ಹೆಚ್ಚು ಬೇಕಾಯಿತು ಎಂಬುದು ನೋವಿನ ಸಂಗತಿ.

ಇನ್ನು ಮೂರನೆಯವರು, ಅಂದರೆ ನಾವು. ಕನ್ನಡದ ಓದುಗರಿಗೆ ಪೊಲೀಸ್ ಕಡತದ ರುಚಿ ಹತ್ತಿದ್ದು ವಾರಪತ್ರಿಕೆಗಳಿಂದ. 1980ರಲ್ಲಿ ಲಂಕೇಶ್ ಪತ್ರಿಕೆ, 1995ರಲ್ಲಿ ಹಾಯ್ ಬೆಂಗಳೂರ್, ಆಮೇಲೆ ಟಿ.ವಿ.ಯ ಕ್ರೈಂ ಕಾರ್ಯಕ್ರಮಗಳು, ಈಗ ಯೂಟ್ಯೂಬಿನಲ್ಲಿ ಗಂಟೆಗಟ್ಟಲೆ ಕೇಸು ಬಿಡಿಸಿ ಹೇಳುವ ನಿವೃತ್ತ ಅಧಿಕಾರಿಗಳು. ಅವರಲ್ಲಿ ಅನೇಕರು ಸೊಗಸಾಗಿ ಹೇಳುತ್ತಾರೆ. ಮಹಜರು ಹೇಗೆ ಬರೆಯುತ್ತಾರೆ, ಬಾತ್ಮೀದಾರ ಹೇಗೆ ಸಿಗುತ್ತಾನೆ ಎಂಬುದನ್ನು ಜನಕ್ಕೆ ಕಲಿಸಿದ್ದಾರೆ. ಆದರೆ ಅಲ್ಲಿ ಕೇಳುವುದು ಒಂದೇ ದನಿ. ತಪ್ಪಾಗಿ ಹಿಡಿದು ತಂದ ಮೊದಲ ಇಬ್ಬರು ಕಥೆಯಲ್ಲಿ ಒಂದು ವಾಕ್ಯವಾಗಿ ಹೋಗುತ್ತಾರೆ. ಅವರ ಹೇಳಿಕೆ ಏನಿತ್ತು, ಎಷ್ಟು ದಿನ ಕೂರಿಸಿಕೊಂಡಿದ್ದರು ಎಂಬುದನ್ನು ಪರೀಕ್ಷಿಸಬೇಕಾದರೆ ಕಡತವೇ ಬೇಕು. ಅಧಿಕಾರಿಯ ನೆನಪನ್ನು ಲಕ್ಷಗಟ್ಟಲೆ ಜನ ಕೇಳಬಹುದು, ಅವರು ಸರ್ಕಾರಿ ಸಂಬಳದಲ್ಲಿ ಬರೆದ ದಾಖಲೆಯನ್ನು ಮಾತ್ರ ಯಾರೂ ನೋಡಬಾರದು ಎಂಬ ಸ್ಥಿತಿ ನನಗೆ ಒಪ್ಪಿಗೆಯಾಗುವುದಿಲ್ಲ.

ಕಾನೂನು ನಮ್ಮತ್ತ ತಿರುಗಿದ್ದು ಮಾಹಿತಿ ಹಕ್ಕಿನಿಂದ. ಕರ್ನಾಟಕ 2000ದಲ್ಲೇ ತನ್ನದೊಂದು ಕಾಯ್ದೆ ಮಾಡಿಕೊಂಡಿತ್ತು. ಕೇಂದ್ರದ ಕಾಯ್ದೆ 2005ರ ಅಕ್ಟೋಬರ್ 12ರಂದು ಪೂರ್ಣವಾಗಿ ಜಾರಿಗೆ ಬಂತು. ಅದರ 8(1)(ಎಚ್) ಕಲಮು ತನಿಖೆಗೆ, ಬಂಧನಕ್ಕೆ ಅಥವಾ ಅಭಿಯೋಜನೆಗೆ ಅಡ್ಡಿಯಾಗುವ ಮಾಹಿತಿಯನ್ನು ಮಾತ್ರ ತಡೆಯುತ್ತದೆ. ತನಿಖೆ ನಡೆದಿದೆ ಎಂದಷ್ಟೇ ಹೇಳಿ ಕೈತೊಳೆದುಕೊಳ್ಳುವಂತಿಲ್ಲ, ಹೇಗೆ ಅಡ್ಡಿಯಾಗುತ್ತದೆಂದು ತೋರಿಸಬೇಕು ಎಂದು ದೆಹಲಿ ಹೈಕೋರ್ಟ್ 2007ರಲ್ಲಿ ಭಗತ್ ಸಿಂಗ್ ಪ್ರಕರಣದಲ್ಲಿ ತೀರ್ಪಿತ್ತಿತು. ಹಾಗಾದರೆ ಅಪೀಲುಗಳೆಲ್ಲ ಮುಗಿದ ಕೇಸಿನಲ್ಲಿ ಈ ಕಲಮಿಗೆ ಕೆಲಸವೇ ಇಲ್ಲ. ಹತ್ತು ರೂಪಾಯಿ ಶುಲ್ಕ, ಒಂದೇ ವಿಷಯ, 150 ಪದಗಳೊಳಗೆ ಅರ್ಜಿ: ಕರ್ನಾಟಕದ ನಿಯಮ ಇಷ್ಟೇ. ಆದರೂ ಉತ್ತರ ಸುಲಭವಾಗಿ ಬರುವುದಿಲ್ಲ. ದಾಖಲೆ ನ್ಯಾಯಾಲಯದಲ್ಲಿದೆ, ಅಲ್ಲೇ ಕೇಳಿ ಎನ್ನುತ್ತಾರೆ. ನ್ಯಾಯಾಲಯಕ್ಕೆ ಹೋದರೆ ಮಾಹಿತಿ ಹಕ್ಕಿನ ಅರ್ಜಿ ನಡೆಯದು. 2020ರ ಗುಜರಾತ್ ಹೈಕೋರ್ಟ್ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ ಹೇಳಿದಂತೆ ನ್ಯಾಯಾಲಯದ ನಿಯಮದ ಪ್ರಕಾರವೇ ಕಾರಣ ತೋರಿಸಿ ನಕಲು ಅರ್ಜಿ ಹಾಕಬೇಕು. ಸಂಬಂಧಪಡದ ವ್ಯಕ್ತಿಗೆ ‘ನಿಮಗೇಕೆ ಬೇಕು?’ ಎಂಬ ಪ್ರಶ್ನೆಯನ್ನು ದಾಟುವುದೇ ಕಷ್ಟ.

2016ರ ಸೆಪ್ಟೆಂಬರಿನಲ್ಲಿ ಒಂದು ಕಿಟಕಿ ತೆರೆಯಿತು. ಎಫ್‌ಐಆರ್‌ಗಳನ್ನು 24 ಗಂಟೆಯೊಳಗೆ ಪೊಲೀಸ್ ಜಾಲತಾಣದಲ್ಲಿ ಹಾಕಬೇಕೆಂದು ಸುಪ್ರೀಂ ಕೋರ್ಟ್ ಯೂತ್ ಬಾರ್ ಅಸೋಸಿಯೇಷನ್ ಪ್ರಕರಣದಲ್ಲಿ ಆದೇಶಿಸಿತು. ಲೈಂಗಿಕ ಅಪರಾಧ, ಪೋಕ್ಸೊ, ಭಯೋತ್ಪಾದನೆಯಂಥ ಸೂಕ್ಷ್ಮ ಪ್ರಕರಣಗಳನ್ನು ಬಿಟ್ಟು. ಅದೇ ತರ್ಕವನ್ನು ದೋಷಾರೋಪ ಪಟ್ಟಿಗೂ ವಿಸ್ತರಿಸಿ ಎಂದು ಪತ್ರಕರ್ತ ಸೌರವ್ ದಾಸ್ ಕೇಳಿದಾಗ, 2023ರ ಜನವರಿ 20ರಂದು ನ್ಯಾಯಮೂರ್ತಿಗಳಾದ ಎಂ.ಆರ್. ಶಾ ಮತ್ತು ಸಿ.ಟಿ. ರವಿಕುಮಾರ್ ಆಗದು ಎಂದರು. ದೋಷಾರೋಪ ಪಟ್ಟಿ ಸಾರ್ವಜನಿಕ ದಾಖಲೆಯಲ್ಲ, ಎಲ್ಲರಿಗೂ ತೆರೆದಿಟ್ಟರೆ ಆರೋಪಿಯ, ಸಂತ್ರಸ್ತರ, ತನಿಖಾ ಸಂಸ್ಥೆಯ ಹಕ್ಕಿಗೆ ಧಕ್ಕೆ ಎಂಬುದು ಕಾರಣ. ಮರುವರ್ಷ ಚಿತ್ರದುರ್ಗದ ರೇಣುಕಾಸ್ವಾಮಿ ಕೊಲೆ ಪ್ರಕರಣದಲ್ಲಿ ಸುಮಾರು ನಾಲ್ಕು ಸಾವಿರ ಪುಟಗಳ ದೋಷಾರೋಪ ಪಟ್ಟಿ ಸಲ್ಲಿಕೆಯಾದಾಗ ಅದರ ಚಿತ್ರ, ಹೇಳಿಕೆಗಳೆಲ್ಲ ಟಿ.ವಿ.ಗಳಲ್ಲಿ ಹರಿದಾಡಿದವು. ಕೊನೆಗೆ ನಟ ದರ್ಶನ್ ಅರ್ಜಿಯ ಮೇಲೆ ಹೈಕೋರ್ಟ್ ಅದನ್ನು ತಡೆಯಬೇಕಾಯಿತು. ವಿಚಾರಣೆಗೆ ಮುಂಚೆ ಕಾಗದ ಸೋರಿಕೆಯಾಗುತ್ತದೆ, ವಿಚಾರಣೆ ಮುಗಿದ ಮೇಲೆ ಕೇಳಿದವರಿಗೆ ಸಿಗುವುದಿಲ್ಲ. ಇರಬೇಕಾದದ್ದು ಇದಕ್ಕೆ ನೇರ ವಿರುದ್ಧ.

ತೆರೆದಿಡುವುದರಲ್ಲಿ ಅಪಾಯವಿಲ್ಲವೇ? ಇದೆ, ಅದು ಸಣ್ಣದಲ್ಲ. ಮಲವಗೊಪ್ಪದಂಥ ಕಡೆ ಸಾಕ್ಷಿ ಹೇಳಿದವರೂ ಶಿಕ್ಷೆಯಾದವನ ಮನೆಯವರೂ ಒಂದೇ ಬಸ್ ಸ್ಟಾಪಿನಲ್ಲಿ ನಿಲ್ಲುತ್ತಾರೆ. ಹೇಳಿಕೆಯ ಮೇಲಿನ ಹೆಸರು ಬಹಿರಂಗವಾದರೆ ಹಗೆ ಮತ್ತೆ ಹೊತ್ತಿಕೊಳ್ಳಬಹುದು. ಅತ್ಯಾಚಾರ ಸಂತ್ರಸ್ತೆಯ ಗುರುತು ಸತ್ತ ಮೇಲೂ ಹೊರಬರಬಾರದೆಂದು ಸುಪ್ರೀಂ ಕೋರ್ಟ್ 2018ರಲ್ಲಿ ಖಚಿತಪಡಿಸಿದೆ. ನಮ್ಮ ಹೈಕೋರ್ಟಿನ ನ್ಯಾಯಮೂರ್ತಿ ಆನಂದ ಬೈರಾರೆಡ್ಡಿ 2017ರಲ್ಲಿ, ಮುಗಿದ ವ್ಯಾಜ್ಯವೊಂದರ ಆದೇಶದಲ್ಲಿ ಮಹಿಳೆಯ ಹೆಸರು ಅಂತರ್ಜಾಲದ ಹುಡುಕಾಟಕ್ಕೆ ಸಿಗದಂತೆ ನೋಡಿಕೊಳ್ಳಲು ಸೂಚಿಸಿದ್ದರು. ಮಾಹಿತಿ ಹಕ್ಕು ಕಾಯ್ದೆಯ 10ನೇ ಕಲಮು ಇದಕ್ಕೆ ದಾರಿ ಕೊಟ್ಟಿದೆ: ಕೊಡಬಾರದ ಭಾಗ ಮುಚ್ಚಿ ಉಳಿದದ್ದನ್ನು ಕೊಡುವುದು. ಕಪ್ಪು ಶಾಯಿ ಹಿಡಿದು ಪುಟಪುಟ ಕೂರುವ ಸಿಬ್ಬಂದಿ ಬೇಕು, ಅಷ್ಟೇ. ಸ್ವೀಡನ್ನಿನಲ್ಲಿ ಆರೋಪ ಸಲ್ಲಿಕೆಯಾದೊಡನೆ ತನಿಖಾ ವರದಿ ಸಾರ್ವಜನಿಕವಾಗುತ್ತದೆ, ಸೂಕ್ಷ್ಮ ವಿವರ ಮುಚ್ಚಿ ಯಾರು ಕೇಳಿದರೂ ಕೊಡುತ್ತಾರೆ. ಅಷ್ಟು ದೂರ ಹೋಗಬೇಕೆಂದು ನಾನು ಹೇಳುತ್ತಿಲ್ಲ. ಅಂತಿಮ ಅಪೀಲು ಮುಗಿದ ಮೇಲೆ ಕೊಡಿ ಎಂಬುದಷ್ಟೇ ಕೋರಿಕೆ.

ಆದರೆ ಈಚೆಗೆ ಬಾಗಿಲು ಕಿರಿದಾಗುತ್ತಿದೆ. ವೈಯಕ್ತಿಕ ಮಾಹಿತಿಯನ್ನು ತಡೆಯುವ 8(1)(ಜೆ) ಕಲಮಿನಲ್ಲಿ ಸಾರ್ವಜನಿಕ ಹಿತಾಸಕ್ತಿಯ ವಿನಾಯಿತಿ ಇತ್ತು. 2023ರ ಡಿಜಿಟಲ್ ವೈಯಕ್ತಿಕ ದತ್ತಾಂಶ ಸಂರಕ್ಷಣಾ ಕಾಯ್ದೆ ಅದನ್ನು ಕತ್ತರಿಸಿ, ವೈಯಕ್ತಿಕ ಮಾಹಿತಿ ಎಂದರೆ ಸಾಕು, ನಿರಾಕರಿಸಬಹುದು ಎಂಬಂತೆ ತಿದ್ದಿತು. ಪೊಲೀಸ್ ಕಡತದ ಯಾವ ಪುಟದಲ್ಲಿ ವ್ಯಕ್ತಿಯ ಹೆಸರಿಲ್ಲ? 8(2)ರ ಸಾರ್ವಜನಿಕ ಹಿತಾಸಕ್ತಿ ಉಳಿದಿದೆ ನಿಜ, ಅದನ್ನು ಸಾಧಿಸುವ ಹೊರೆ ಅರ್ಜಿದಾರರ ತಲೆಗೆ ಬೀಳುತ್ತದೆ.

ಹಾಗಾಗಿ ಈಗ ಗಟ್ಟಿಯಾಗಿ ಉಳಿದಿರುವುದು ಹೆಚ್ಚಿನವರು ಗಮನಿಸದ 8(3). ಅರ್ಜಿಯ ದಿನಕ್ಕೆ 20 ವರ್ಷಕ್ಕೂ ಹಿಂದಿನ ಘಟನೆಯಾದರೆ ತನಿಖೆಯ ಅಡ್ಡಿ, ವೈಯಕ್ತಿಕತೆ ಎರಡೂ ನೆಪಗಳು ನಿಲ್ಲುವುದಿಲ್ಲ. ದೇಶದ ಭದ್ರತೆ, ಶಾಸನಸಭೆಯ ಹಕ್ಕು, ಸಚಿವ ಸಂಪುಟದ ಕಾಗದಗಳಷ್ಟೇ ಹೊರತು. ಗಾಂಧಿ ಹತ್ಯೆಯ ಪ್ರಕರಣದ ದೋಷಾರೋಪ ಪಟ್ಟಿ, ಗೋಡ್ಸೆ ಹೇಳಿಕೆಗಳನ್ನು ಕೊಡಬೇಕೆಂದು 2017ರಲ್ಲಿ ಕೇಂದ್ರ ಮಾಹಿತಿ ಆಯುಕ್ತ ಶ್ರೀಧರ್ ಆಚಾರ್ಯುಲು ರಾಷ್ಟ್ರೀಯ ಪತ್ರಾಗಾರಕ್ಕೆ ನಿರ್ದೇಶಿಸಿದರು. ಅಲ್ಲಿ ಕಾಗದ ಇತ್ತು, ಹಾಗಾಗಿ ಕೊಡಿ ಎನ್ನಲು ಸಾಧ್ಯವಾಯಿತು.

ಠಾಣೆಯ ಕಡತಕ್ಕೆ ಆ ಭಾಗ್ಯವಿಲ್ಲ. 2025ರಲ್ಲಿ ಧರ್ಮಸ್ಥಳದ ವಿಚಾರ ರಾಜ್ಯವನ್ನೆಲ್ಲ ಆವರಿಸಿದ್ದಾಗ, 2000ದಿಂದ 2015ರವರೆಗಿನ ಅಸಹಜ ಸಾವಿನ ದಾಖಲೆಗಳನ್ನು ಆಡಳಿತಾತ್ಮಕ ಆದೇಶದಂತೆ ನಾಶಪಡಿಸಲಾಗಿದೆ ಎಂದು ಬೆಳ್ತಂಗಡಿ ಪೊಲೀಸರು ಮಾಹಿತಿ ಹಕ್ಕಿನ ಅರ್ಜಿಯೊಂದಕ್ಕೆ ಉತ್ತರಿಸಿದ್ದು ವರದಿಯಾಯಿತು. ಅದರ ಸುತ್ತಲಿನ ಆರೋಪಗಳ ಸತ್ಯಾಸತ್ಯ ತನಿಖೆಗೆ ಸೇರಿದ್ದು. ನನಗೆ ಕಾಣುವುದು ಆ ಉತ್ತರದ ಲೆಕ್ಕ. 2015ರ ಕಾಗದ 2025ಕ್ಕೆ ಇಲ್ಲ, ಕಾಯ್ದೆ ಅದನ್ನು ತೆರೆಯುವುದು 2035ಕ್ಕೆ. ನಾಶದ ನಿಯಮ ಒಂದು ಗಡಿಯಾರ ನೋಡಿಕೊಂಡು ನಡೆಯುತ್ತದೆ, ಮಾಹಿತಿ ಹಕ್ಕು ಇನ್ನೊಂದನ್ನು ನೋಡಿಕೊಂಡು ಕಾಯುತ್ತದೆ. ಎರಡನ್ನೂ ಕೂಡಿಸುವ ಕೆಲಸವನ್ನು ಯಾವ ಸರ್ಕಾರವೂ ಮಾಡಿಲ್ಲ. ಗೌರಿ ಲಂಕೇಶ್ ಹತ್ಯೆಯ ತನಿಖೆಯಲ್ಲಿ ವಿಶೇಷ ತಂಡ 2018ರಲ್ಲಿ ಸಲ್ಲಿಸಿದ ಒಂಬತ್ತು ಸಾವಿರಕ್ಕೂ ಹೆಚ್ಚು ಪುಟಗಳು ಉಳಿಯುತ್ತವೆ ಎಂದು ನಂಬಬಹುದು, ದೇಶವೇ ನೋಡುತ್ತಿರುವ ಕೇಸು ಅದು. ಹಳೇನಗರ ಠಾಣೆಯ ಕೂಲಿಯೊಬ್ಬನ ಕೊಲೆಯ ಕಡತವನ್ನು ಯಾರು ನೋಡುತ್ತಿದ್ದಾರೆ?

2021ರ ಜನವರಿ 21ರ ರಾತ್ರಿ ಹತ್ತು ಗಂಟೆ ದಾಟಿದ ಮೇಲೆ ಶಿವಮೊಗ್ಗ ಸಮೀಪದ ಹುಣಸೋಡಿನ ಕ್ವಾರಿ ಬಳಿ ಸ್ಫೋಟಕಗಳು ಸಿಡಿದು ಹಲವರು ಸತ್ತರು. ಭೂಕಂಪವೆಂದು ಶಿವಮೊಗ್ಗ, ಭದ್ರಾವತಿಯ ಜನ ಮನೆಯಿಂದ ಹೊರಗೆ ಬಂದರು. ತನಿಖೆ ನಡೆಯಿತು, ಬಂಧನಗಳೂ ಆದವು. ಜಿಲೆಟಿನ್ ಎಲ್ಲಿಂದ ಹೊರಟು ಯಾರ ಕೈ ದಾಟಿ ಅಲ್ಲಿಗೆ ಬಂತು ಎಂಬುದರ ಹೇಳಿಕೆ, ಮಹಜರು, ಪತ್ರವ್ಯವಹಾರ ಆ ಕಡತದಲ್ಲಿವೆ. ಆ ರಾತ್ರಿ ಗೋಡೆ ಬಿರುಕು ಬಿಟ್ಟ ಮನೆಯವರು 2041ರ ಜನವರಿ ಕಳೆದ ಮೇಲೆ ಹತ್ತು ರೂಪಾಯಿಯ ಅರ್ಜಿ ಹಾಕಿದರೆ ಕಾನೂನು ಅವರ ಪರ ನಿಲ್ಲುತ್ತದೆ. ಅಲ್ಲಿಯವರೆಗೆ ಅದನ್ನು ನಾಶದ ಪಟ್ಟಿಗೆ ಸೇರಿಸಬಾರದೆಂದು ಇಂದೇ ಲಿಖಿತ ಆದೇಶವಾಗಬೇಕು. ಸಾವು ಸಂಭವಿಸಿದ ಪ್ರತಿಯೊಂದು ಪ್ರಕರಣದ ಕಡತ, ಅದರ ಕೇಸ್ ಡೈರಿ ಸಮೇತ, 20 ವರ್ಷ ತುಂಬಿದ ಮೇಲೆ ರಾಜ್ಯ ಪತ್ರಾಗಾರಕ್ಕೆ ಹೋಗಬೇಕೆಂದು ಪೊಲೀಸ್ ಮಹಾನಿರ್ದೇಶಕರ ಸುತ್ತೋಲೆ ಬಂದರೆ ಇನ್ನೂ ಒಳ್ಳೆಯದು. ಇದಕ್ಕೆ ಹೊಸ ಕಾಯ್ದೆ ಬೇಕಿಲ್ಲ.